ಮಿಲಿಂದನ ಉತ್ತರ ಸರಿ ಇತ್ತು

ಮಿಲಿಂದ ಹೇಳಿದ ಉತ್ತರ ಸರಿ ಇತ್ತು. ಸರಿ ಎಂದು ನನಗೆ ಗೊತ್ತಿತ್ತು. ಉತ್ತರದ ಚೀಟಿ ನನ್ನ ಕೈಯಲ್ಲೇ ಇತ್ತು, ಅದನ್ನು ಬರೆದವನೂ ನಾನೇ. ಆದರೂ ಇನ್ನೂರು ಜನರ ಮುಂದೆ ಮೈಕ್ ಹಿಡಿದು ‘ತಪ್ಪು’ ಎಂದೆ. ಅಂದದ್ದಷ್ಟೇ ಅಲ್ಲ — ನಕ್ಕೆ. ಅವರನ್ನೂ ನಗಿಸಿದೆ.

ಇಷ್ಟು ಹೇಳುವುದಕ್ಕೆ ಇಪ್ಪತ್ತು ವರ್ಷ ದಾಟಿ ಹೋದವು. ಈಗ ಹೇಳುತ್ತಿದ್ದೇನೆ. ಮಧ್ಯದಲ್ಲಿ ನಿಲ್ಲಿಸುವುದಿಲ್ಲ.

ನನ್ನ ಹೆಸರು ಶರಣಪ್ಪ. ಬಸವಕಲ್ಯಾಣದಲ್ಲಿ ಹೆದ್ದಾರಿಗೆ ಹತ್ತಿಕೊಂಡ ಗ್ಯಾರೇಜುಗಳ ಸಾಲಿನಲ್ಲಿ ನಮ್ಮದು ಬಿಡಿಭಾಗಗಳ ಅಂಗಡಿ. ಅಪ್ಪನಿಗೆ ಒಂದು ಹುಚ್ಚಿತ್ತು. ಯಾವುದೇ ಹಳೆಯ ಕಾರು ಒಡೆಯುವುದಕ್ಕೆ ಬಂದರೂ ಅದರ ಮೂತಿಯ ಮೇಲಿನ ಕಂಪನಿಯ ಬಿಲ್ಲೆಯನ್ನು ಬಿಚ್ಚಿಕೊಂಡು ಬರುತ್ತಿದ್ದ. ಜೊತೆಗೆ ಒಂದು ಇಂಗ್ಲಿಷ್ ಪುಸ್ತಕ — ಜಗತ್ತಿನ ಹಳೆಯ ಕಾರು ಕಂಪನಿಗಳದ್ದು, ರಟ್ಟು ಕಿತ್ತುಹೋದದ್ದು, ಹೈದರಾಬಾದಿನ ಯಾವುದೋ ಹಳೆ ಪುಸ್ತಕದ ಗಾಡಿಯಲ್ಲಿ ಸಿಕ್ಕದ್ದು. ಅಪ್ಪ ತೀರಿಕೊಂಡ ಮೇಲೆ ಆ ಪುಸ್ತಕ ನನಗೆ ಬಂತು. ಅದರಿಂದಲೇ ಆಟ ಹುಟ್ಟಿತು.

ದಸರೆಯ ಖಂಡೆ ಪೂಜೆಯ ದಿನ ಸಂಜೆ, ಯಂತ್ರಗಳಿಗೆಲ್ಲ ಪೂಜೆ ಮುಗಿದ ಮೇಲೆ, ಮೆಕ್ಯಾನಿಕರ ಸಂಘದವರು ಬಯಲಿನಲ್ಲಿ ಪೆಂಡಾಲ್ ಹಾಕುತ್ತಿದ್ದರು. ಅಲ್ಲಿ ನಾನು ‘ಗಾಡಿ ಯಾರದು?’ ಆಡಿಸುತ್ತಿದ್ದೆ. ಓಡಾಡುವ ಗಾಡಿ ಎಲ್ಲರಿಗೂ ಗೊತ್ತು. ಅದಕ್ಕೇ ಮುಚ್ಚಿಹೋದ ಕಂಪನಿಗಳನ್ನೇ ಕೇಳುವುದು. ಮೂರು ಸುಳಿವು ಕೊಡುತ್ತೇನೆ, ಹೆಸರು ಹೇಳಬೇಕು. ‘ಅಮೆರಿಕದವರು, ಮೊದಲು ಕುದುರೆ ಬಂಡಿ ಮಾಡತಿದ್ದರು’ ಎಂದು ನಾನು ಬಾಯಿ ಮುಚ್ಚುವುದರೊಳಗೆ ನಾಲ್ಕು ಕಡೆಯಿಂದ ‘ಸ್ಟುಡಿಬೇಕರ್!’ ಎಂಬ ಕೂಗು ಏಳುತ್ತಿತ್ತು. ಉಗುರಲ್ಲಿ ಗ್ರೀಸು ಇಳಿದ ಮಂದಿ, ತಾವು ಹುಟ್ಟುವ ಮೊದಲೇ ಬಾಗಿಲು ಹಾಕಿದ ಕಾರ್ಖಾನೆಗಳ ಹೆಸರನ್ನು ಸೋದರತ್ತೆಯ ಹೆಸರು ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದರು. ಆ ಸಂಜೆಗಳು ನನಗೆ ಬಹಳ ಇಷ್ಟವಾಗಿದ್ದವು — ಅದಕ್ಕೇ ಇದು ಇನ್ನಷ್ಟು...

ಮಿಲಿಂದ ಘಾಟಬೋರಾಳದವನು. ನಮ್ಮ ಅಂಗಡಿಯಿಂದ ನಾಲ್ಕನೇ ಶೆಡ್ಡಿನಲ್ಲಿ ಡೆಂಟಿಂಗ್ ಕೆಲಸ. ಇಪ್ಪತ್ತನಾಲ್ಕು ವಯಸ್ಸು, ಮಾತು ಕಡಿಮೆ. ಒಡೆಯಲು ಬಂದ ಪ್ರತಿ ಗಾಡಿಯ ಮುಂದೆ ಕೂತು, ಬಿಲ್ಲೆಯ ಮೇಲಿನ ಅಕ್ಷರವನ್ನು ಬೆರಳಿನಿಂದ ತಿದ್ದಿ, ಅದರ ಕಥೆಯನ್ನು ಹಳೆಯ ಡ್ರೈವರುಗಳ ಹತ್ತಿರ ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಒಮ್ಮೆ ನನ್ನ ಕೌಂಟರಿಗೆ ಬಂದು, ಕೈ ತೊಳೆದುಕೊಂಡು ಬಂದಿದ್ದೇನೆಂದು ತೋರಿಸಿ, ಅಪ್ಪನ ಪುಸ್ತಕ ನೋಡಬಹುದೇ ಎಂದು ಕೇಳಿದ. ‘ಇವತ್ ಬ್ಯಾಡ, ಆಮ್ಯಾಲ ನೋಡೋಣು’ ಎಂದೆ. ಅದೇ ವಾರ ಬೇರೆ ಇಬ್ಬರಿಗೆ ಅದನ್ನು ಮನೆಗೆ ಕೊಟ್ಟಿದ್ದೆ. ಅವರು ನಮ್ಮ ಓಣಿಯವರು. ಅವನು ಘಾಟಬೋರಾಳದ ಯಾವ ಓಣಿಯವನು ಎಂದು ನನಗೆ ಗೊತ್ತಿತ್ತು. ಕೊಡದೇ ಇದ್ದದ್ದು ಅದಕ್ಕಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಇವತ್ತು ಹಾಗೆ ಹೇಳಲು ಬಾಯಿ ಬರುತ್ತಿಲ್ಲ.

ಆ ವರ್ಷ ಪೆಂಡಾಲಿಗೆ ಹೈದರಾಬಾದಿನಿಂದ ಒಬ್ಬರು ಬಂದಿದ್ದರು. ಅಲ್ಲಿಯ ಹಳೆಯ ಮನೆತನವೊಂದರ ಮ್ಯಾನೇಜರ್. ಆ ಮನೆಯ ಹತ್ತಾರು ಹಳೆಯ ಕಾರುಗಳನ್ನು ಮತ್ತೆ ಮೊದಲಿನಂತೆ ಮಾಡಿ ನಿಲ್ಲಿಸುವ ಕೆಲಸ ನಡೆದಿತ್ತು. ಕೈಯಲ್ಲಿ ಕಸುಬು, ತಲೆಯಲ್ಲಿ ಹಳೆ ಗಾಡಿಗಳ ಗುರುತು ಇರುವ ಒಬ್ಬ ಹುಡುಗ ಬೇಕಿದ್ದ. ಗೆದ್ದವನನ್ನು ಕರೆದುಕೊಂಡು ಹೋಗಿ ಅಲ್ಲಿಯ ಉಸ್ತಾದರ ಕೈಕೆಳಗೆ ಹಾಕುತ್ತೇನೆ ಎಂದರು. ಅವರಿಗೆ ಸ್ವತಃ ಗಾಡಿಗಳ ಗಂಧವಿರಲಿಲ್ಲ. ಗೆದ್ದವನ ಹೆಸರು ಬರೆದುಕೊಳ್ಳಲು ಬಂದವರು, ಅಷ್ಟೇ.

ಕೊನೆಗೆ ಇಬ್ಬರು ಉಳಿದರು. ಮಿಲಿಂದ, ಮತ್ತು ನನ್ನ ತಮ್ಮ ಸಂಗಮೇಶ. ಇಬ್ಬರದೂ ಅಂಕ ಸಮ. ಉಳಿದದ್ದು ಒಂದೇ ಚೀಟಿ.

‘ಇಂಗ್ಲೆಂಡಿನ ಕೊವೆಂಟ್ರಿ ಊರು. ಮೊದಲು ಸೈಕಲ್ ಮಾಡತಿದ್ದರು, ಆಮೇಲೆ ಕಾರು. ಹುಟ್ಟಿಸಿದವನ ಹೆಸರೇ ಕಂಪನಿಯ ಹೆಸರು.’

ಮಿಲಿಂದ ಎದ್ದು ನಿಂತ. ಅವಸರ ಮಾಡಲಿಲ್ಲ.

‘ಸಿಂಗರ್ ರಿ.’

ನಾನು ಚೀಟಿ ನೋಡಿದೆ. ನೋಡುವ ಅಗತ್ಯವೇ ಇರಲಿಲ್ಲ. ನನ್ನದೇ ಅಕ್ಷರ — ಸಿಂಗರ್. ಆಗ ತಮ್ಮನ ಮುಖ ನೋಡಿದೆ. ಎರಡು ಸಲ ಪರೀಕ್ಷೆ ಕಟ್ಟಿ ಫೇಲಾಗಿ ಮನೆಯಲ್ಲಿ ಕೂತವನು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆ ಒಂದು ನಗು ನನಗೆ ದಾರಿ ತೋರಿಸಿತು. ದಾರಿ ಅದು ತೋರಿಸಿರಬಹುದು, ನಡೆದವನು ನಾನು.

‘ತಪ್ಪು! ಅದು ಹೊಲಿಗಿ ಮಷಿನ್ ಆತಲ್ಲೋ ಮಿಲಿಂದ!’

ಪೆಂಡಾಲ್ ಪೂರ್ತಿ ನಕ್ಕಿತು. ಯಾರೋ ಕಾಲಿನಿಂದ ಹೊಲಿಗೆ ಮಷಿನ್ ತುಳಿದು ತೋರಿಸಿದರು. ತಮ್ಮ ‘ಹಂಬರ್’ ಎಂದ. ಹಂಬರ್ ಕೂಡ ಸೈಕಲ್ಲಿನಿಂದಲೇ ಕಾರಿಗೆ ಬಂದ ಕಂಪನಿ — ಗೊತ್ತಿದ್ದವರು ಕೇಳಿದರೂ ಅನುಮಾನ ಬರದಂಥ ಹೆಸರು. ‘ಸರಿ’ ಎಂದೆ. ಸಂಗಮೇಶನ ಹೆಸರನ್ನು ಮ್ಯಾನೇಜರ್ ಬರೆದುಕೊಂಡರು. ಮಿಲಿಂದ ಇನ್ನೂ ನಿಂತೇ ಇದ್ದ. ‘ಸಿಂಗರ್ ಕಾರು ಇತ್ರಿ ಅಣ್ಣಾರ... ನಾ ಬಿಲ್ಲಿ ನೋಡೀನ್ರಿ’ ಎಂದ. ಮೈಕ್ ಇರಲಿಲ್ಲ ಅವನ ಹತ್ತಿರ. ನನಗೆ ಕೇಳಿಸಿತು. ನನಗೆ ಮಾತ್ರ.

ಚೀಟಿಯನ್ನು ಅಲ್ಲೇ ಹರಿದು ಜೇಬಿಗೆ ಹಾಕಿಕೊಂಡೆ.

ತಮ್ಮ ಹೈದರಾಬಾದಿಗೆ ಹೋದ, ಎರಡು ತಿಂಗಳಿಗೆ ವಾಪಸ್ ಬಂದ. ಅಲ್ಲಿಯ ಉಸ್ತಾದರು ಕೇಳಿದ್ದು ಇವನಿಗೆ ತಿಳಿಯಲಿಲ್ಲ, ಇವನ ಕೈ ಅವರಿಗೆ ಒಗ್ಗಲಿಲ್ಲ. ಆ ಮನೆಯವರು ಮತ್ತೆ ನಮ್ಮೂರ ಕಡೆ ತಿರುಗಿ ನೋಡಲಿಲ್ಲ. ಇತ್ತ ಮಿಲಿಂದನಿಗೆ ‘ಮಷಿನ್’ ಎಂಬ ಹೆಸರು ಅಂಟಿತು. ಮಷಿನ್ ಮಿಲಿಂದ. ಚಾ ತರುವವರೂ ಹಾಗೇ ಕರೆದರು. ವರ್ಷ ತುಂಬುವುದರೊಳಗೆ ಅವನು ಕೆಲಸ ಬಿಟ್ಟು ಹುಮನಾಬಾದಿಗೆ ಹೋದ. ಅಲ್ಲಿ ಹುಡಗಿ ಎಂಬ ಊರಿನ ಕಡೆಗೆ ಹೋಗುವ ರಸ್ತೆಗೆ ಒಂದು ತಗಡಿನ ಶೆಡ್ ಹಾಕಿದ. ಆ ರಸ್ತೆಯಲ್ಲಿ ಬಸ್ಸು ಹೋಗುವಾಗ ನಾನು ಯಾವಾಗಲೂ ಇನ್ನೊಂದು ಬದಿಯ ಕಿಟಕಿಗೆ ಕೂರುತ್ತಿದ್ದೆ.

ಆಟ ಮಾತ್ರ ನಿಲ್ಲಿಸಲಿಲ್ಲ. ಪ್ರತಿ ವರ್ಷ ಅದೇ ಮೈಕ್, ಅದೇ ನಾನು. ಒಂದು ವರ್ಷವೂ ತಪ್ಪಿಸಲಿಲ್ಲ — ಇದನ್ನೂ ಬರೆಯಬೇಕು.

ಈ ವರ್ಷ, ಆಟಕ್ಕೆ ಹೆಸರು ಕೊಡಲು ಅಂಗಡಿಗೆ ಒಬ್ಬ ಹುಡುಗಿ ಬಂದಳು. ಆಟೊಮೊಬೈಲ್ ಡಿಪ್ಲೊಮಾ ಓದುತ್ತಿದ್ದೇನೆ ಎಂದಳು. ನಮ್ಮ ಆಟಕ್ಕೆ ಹೆಸರು ಕೊಟ್ಟ ಮೊದಲ ಹುಡುಗಿ ಅವಳು, ಖುಷಿಯಿಂದಲೇ ಪಟ್ಟಿ ಮುಂದೆ ಇಟ್ಟೆ. ‘ಸುಜಾತಾ ಮಿಲಿಂದ, ಹುಮನಾಬಾದ’ ಎಂದು ಬರೆದಳು. ನಾನು ಆ ಸಾಲನ್ನೇ ನೋಡುತ್ತ ಕೂತೆ.

‘ಅಪ್ಪ ಹೋಗಬ್ಯಾಡ ಅಂದಾರ. ಆದ್ರೂ ಬಂದೀನ್ರಿ,’ ಎಂದಳು. ಆಮೇಲೆ ಪೆನ್ನು ಕೆಳಗಿಟ್ಟು, ‘ಕಾಕಾರ, ಒಂದ್ ಕೇಳ್ಲಿ? ಸಾಲ್ಯಾಗ ನನಗ ಮಷಿನ್ ಮಿಲಿಂದನ ಮಗಳು ಅಂತಿದ್ರು. ಸಿಂಗರ್ ಅಂತ ಕಾರು ಇತ್ತೋ ಇಲ್ಲೋ? ನಿಮ್ಮ ಬಾಯಿಂದ ಕೇಳಬೇಕಾಗ್ಯಾದ.’

‘ಇತ್ತವ್ವ,’ ಎಂದೆ. ಅಷ್ಟೇ ಹೊರಟಿತು. ಅವಳು ಇನ್ನೂ ಏನೋ ಬರುತ್ತದೆಂದು ಸ್ವಲ್ಪ ಹೊತ್ತು ನಿಂತು, ಹೋದಳು.

ಮರುದಿನ ಬೆಳಿಗ್ಗೆ ಹುಮನಾಬಾದಿಗೆ ಹೋದೆ.

ಮಿಲಿಂದ ಒಂದು ಜೀಪಿನ ಮಡ್‌ಗಾರ್ಡ್ ಬಡಿಯುತ್ತಿದ್ದ. ಕಿವಿಯ ಮೇಲೆ ಕೂದಲು ಬೆಳ್ಳಗಾಗಿದೆ. ನನ್ನನ್ನು ನೋಡಿ ಎದ್ದ, ಕುರ್ಚಿಯನ್ನು ಬಟ್ಟೆಯಿಂದ ಒರೆಸಿ ಇಟ್ಟ, ಚಾ ಹೇಳಿದ. ನಾನು ಶುರು ಮಾಡಿದೆ — ‘ಮಿಲಿಂದ, ಅವತ್ತಿನ ಆಟದಾಗ...’ ಅವನೇ ಕೈ ಎತ್ತಿ ತಡೆದ.

‘ಗೊತ್ತದರಿ ಅಣ್ಣಾರ. ಮೊಬೈಲ್ ಬಂದ ಮ್ಯಾಲ ನೋಡಿನಿ. ಅದಕ್ಕ ಮೊದಲ ಬಾಳ ವರ್ಷ ನನಗೇ ಡೌಟ್ ಇತ್ತು — ನಾ ನೋಡಿದ್ ಬಿಲ್ಲಿ ಖರೇನೋ ಸುಳ್ಳೋ ಅಂತ. ನೋಟ್‌ಬುಕ್ ಸುಟ್ಟ ಹಾಕಿದ್ದೆ. ಆದ್ರ ನಿಮ್ಮ ಮ್ಯಾಲ ಸಿಟ್ಟಿಲ್ರಿ. ನಿಮಗ ಗೊತ್ತಿರಲಿಲ್ಲ. ಚೀಟ್ಯಾಗ ಹಂಬರ್ ಬರದಿತ್ತು, ನೀವ್ ಅದನ್ನ ಓದಿದ್ರಿ. ಗೊತ್ತಿಲ್ದ ಆಗಿದ್ದಕ್ಕ ಏನ್ ಅನ್ನೂದು?’

ಓದುವವರೇ, ಆ ಗಳಿಗೆಯನ್ನು ನಿಮ್ಮ ಮುಂದೆ ಇಡಬೇಕು. ಅವನೇ ನನಗೆ ಬಾಗಿಲು ತೆರೆದಿದ್ದ. ‘ಹೌದಪ್ಪ, ಗೊತ್ತಿರಲಿಲ್ಲ’ ಎಂದಿದ್ದರೆ ಚಾ ಕುಡಿದು, ಅವನ ಹೆಗಲು ತಟ್ಟಿ, ಹಗುರಾಗಿ ಬಸ್ಸು ಹತ್ತಬಹುದಿತ್ತು. ಅವನ ನೆಮ್ಮದಿಯೂ ಉಳಿಯುತ್ತಿತ್ತು. ಅವನ ನೆಮ್ಮದಿಗಾಗಿಯಾದರೂ ಸುಮ್ಮನಿರು ಎಂದು ಒಳಗೆ ಒಂದು ದನಿ ಎದ್ದಿತು. ಆ ದನಿಯ ಗುರುತು ನನಗಿತ್ತು — ಇಪ್ಪತ್ತು ವರ್ಷ ಅದರ ಜೊತೆಗೇ ಬದುಕಿದ್ದೆ.

‘ಚೀಟ್ಯಾಗ ಹಂಬರ್ ಇರಲಿಲ್ಲ, ಮಿಲಿಂದ. ಸಿಂಗರ್ ಅಂತ್ಲೇ ಇತ್ತು. ನಾನೇ ಬರದಿದ್ದೆ. ನೀ ಗೆದ್ದಿದ್ದಿ. ಗೊತ್ತಿದ್ದೇ ತಪ್ಪ ಅಂದೆ.’

ಅವನು ಸುತ್ತಿಗೆಯನ್ನು ನೆಲಕ್ಕಿಟ್ಟ. ಚಾ ಬಂತು. ಇಬ್ಬರೂ ಮುಟ್ಟಲಿಲ್ಲ.

‘ಇಷ್ಟ್ ವರ್ಷ ನಿಮಗ ಮಾಫ್ ಮಾಡಿದ್ದೆ,’ ಎಂದ. ದನಿ ಏರಲಿಲ್ಲ. ‘ಅದು ಗೊತ್ತಿಲ್ದವ್ರಿಗಿ ಮಾಡಿದ್ ಮಾಫಿ ರಿ. ನಿಮಗಲ್ಲ. ವಾಪಸ್ ತಗೋತೀನಿ.’

‘ತಗೋ,’ ಎಂದೆ.

‘ಎಲ್ಲಿ ಅಂದಿದ್ರಿ, ಅಲ್ಲೇ ಹೇಳ್ರಿ. ಅದೇ ಮೈಕಿನ್ಯಾಗ. ನನ್ನ ಮಗಳು ಕೂತಿರ್ತಾಳ. ಆಕಿ ಮುಂದ.’

ನಾನು ಆಗಲಿ ಎಂದೆ. ಅವನು ಮತ್ತೆ ಸುತ್ತಿಗೆ ಎತ್ತಿಕೊಂಡ.

ಊರಿಗೆ ಬಂದು ಮೊದಲು ತಮ್ಮನಿಗೆ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ‘ಅಂದ್ರ ನಾ ಗೆದ್ದೇ ಇಲ್ಲಾ?’ ಎಂದ. ಹೈದರಾಬಾದಿನಿಂದ ಸೋತು ಬಂದಾಗ ಜನರ ಮುಂದೆ ತಲೆ ಎತ್ತಲು ಅವನಿಗೆ ಇದ್ದದ್ದು ಆ ಒಂದು ಗೆಲುವು. ಅದನ್ನು ಕೊಟ್ಟವನೂ ನಾನು, ಕಸಿದುಕೊಂಡವನೂ ನಾನು. ಮರುದಿನ ಅಂಗಡಿಯ ಗೋಡೆಯಲ್ಲಿ, ಅವತ್ತು ಗೆದ್ದದ್ದಕ್ಕೆ ಸಂಘದವರು ಕೊಟ್ಟಿದ್ದ ಅವನ ಫಲಕ ಇರಲಿಲ್ಲ. ಮೊಳೆ ಮಾತ್ರ ಇತ್ತು. ಅವನು ನನ್ನೊಡನೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಅವಸರ ಮಾಡು ಎನ್ನುವ ಹಕ್ಕು ನನಗಿಲ್ಲ.

ಖಂಡೆ ಪೂಜೆಯ ಸಂಜೆ ಮೈಕ್ ಹಿಡಿದೆ. ಮೊದಲನೇ ಸಾಲಿನಲ್ಲಿ ಸುಜಾತಾ ಇದ್ದಳು. ಮಿಲಿಂದ ಬಂದಿರಲಿಲ್ಲ. ಆಟಕ್ಕೆ ಮೊದಲು ಒಂದು ಮಾತಿದೆ ಎಂದು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಸುಳಿವು ಏನಿತ್ತು, ಅವನು ಏನೆಂದ, ಚೀಟಿಯಲ್ಲಿ ಏನಿತ್ತು, ನಾನು ಏನೆಂದೆ. ಹಿಂದೆ ಯಾರೋ ‘ಬಿಡ್ರಿ ಶರಣಪ್ಪನವ್ರ, ಹಳೀ ಮಾತು’ ಎಂದರು. ಸಂಗಮೇಶ ಎದ್ದು ಹೊರಗೆ ಹೋದ. ಮುಗಿಸಿ ನಿಂತಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಬಾರದಿತ್ತು ಕೂಡ. ಸುಜಾತಾ ಮೊಬೈಲ್ ಎತ್ತಿ ಹಿಡಿದು ಎದ್ದು ನಿಂತಳು.

‘ಕಾಕಾರ, ಕೊನಿದು ಸರಿ ರೆಕಾರ್ಡ್ ಆಗಿಲ್ರಿ. ಅಪ್ಪಗ ಕೇಳಸಬೇಕು. ಇನ್ನೊಮ್ಮಿ ಹೇಳ್ರಿ. ಜೋರಾಗಿ.’

ಹೇಳಿದೆ. ‘ಮಿಲಿಂದನ ಉತ್ತರ ಸರಿ ಇತ್ತು. ಸುಳ್ಳು ಹೇಳಿದವ ನಾನು.’

ಆಮೇಲೆ ಮೈಕನ್ನು ಸಂಘದ ಇನ್ನೊಬ್ಬರ ಕೈಗೆ ಕೊಟ್ಟು ಕೆಳಗಿಳಿದೆ. ಇನ್ನು ಅದನ್ನು ಹಿಡಿಯುವುದಿಲ್ಲ. ಅಪ್ಪನ ಪುಸ್ತಕವನ್ನು ಸಂಘದ ಕೋಣೆಯಲ್ಲಿ ಇಟ್ಟಿದ್ದೇನೆ. ಯಾರು ಬೇಕಾದರೂ ಮನೆಗೆ ಒಯ್ಯಬಹುದು. ಸುಜಾತಾ ಆ ದಿನ ಎರಡನೇ ಸುತ್ತಿನಲ್ಲಿ ಸೋತಳು. ಉತ್ತರ ಗೊತ್ತಿಲ್ಲದೆ ಸೋತಳು, ನ್ಯಾಯವಾಗಿ ಸೋತಳು.

ಮಿಲಿಂದನಿಂದ ಏನೂ ಮಾತು ಬಂದಿಲ್ಲ. ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಹೈದರಾಬಾದಿನ ಆ ಮನೆತನದ ಹಿರಿಯರು ತೀರಿಹೋಗಿ, ಕಾರುಗಳೆಲ್ಲ ಕೈಬದಲಾಗಿ ಬಹಳ ಕಾಲವಾಯಿತಂತೆ. ಅವನಿಂದ ಕಸಿದದ್ದನ್ನು ವಾಪಸ್ ಕೊಡಲು ಈಗ ಯಾವ ಬಾಗಿಲೂ ಇಲ್ಲ.

ಆದರೆ ಒಂದು ಕೆಲಸ ಇದೆ. ಪೂಜೆ ಮುಗಿದ ಎಂಟು ದಿನಕ್ಕೆ ಚಾದಂಗಡಿಯಲ್ಲಿ ಒಬ್ಬರು, ಏನೂ ದುರುದ್ದೇಶವಿಲ್ಲದೆ, ‘ಹುಮನಾಬಾದಿನ ಮಷಿನ್ ಮಿಲಿಂದ ಛಲೋ ಡೆಂಟಿಂಗ್ ಮಾಡ್ತಾನ’ ಎಂದರು. ಆ ಹೆಸರನ್ನು ನಾನು ಮೈಕಿನಲ್ಲಿ ಒಂದೇ ಏಟಿಗೆ ಇನ್ನೂರು ಬಾಯಿಗೆ ಹಾಕಿದ್ದೆ. ವಾಪಸ್ ತೆಗೆಯುವುದಕ್ಕೆ ಮೈಕ್ ಸಾಲದು. ಒಂದೊಂದೇ ಬಾಯಿಯಿಂದ ತೆಗೆಯಬೇಕು. ಅವತ್ತು ಪೆಂಡಾಲಿನಲ್ಲಿ ಇದ್ದವರಲ್ಲಿ ನೆನಪಿದ್ದವರ ಹೆಸರುಗಳನ್ನು ಬರೆದುಕೊಂಡಿದ್ದೇನೆ. ಕೆಲವರು ಸತ್ತಿದ್ದಾರೆ, ಕೆಲವರು ಪುಣೆಗೆ ಹೋಗಿದ್ದಾರೆ, ಉಳಿದವರು ಇಲ್ಲೇ ಸುತ್ತಮುತ್ತ. ಅವರ ಮನೆಗೆ, ಶೆಡ್ಡಿಗೆ ಹೋಗುತ್ತಿದ್ದೇನೆ. ಕೂತು, ನಡೆದದ್ದು ಹೇಳಿ, ಅವನ ಹೆಸರು ಮಿಲಿಂದ ಅಷ್ಟೇ ಎಂದು ಹೇಳಿ ಬರುತ್ತೇನೆ. ಕೆಲವರು ನಗುತ್ತಾರೆ. ಮುದುಕನಿಗೆ ತಲೆ ಕೆಟ್ಟಿದೆ ಎಂದವರೂ ಇದ್ದಾರೆ.

ನಿನ್ನೆಗೆ ಹನ್ನೊಂದು ಮನೆ ಆಯಿತು. ನಾಳೆ ಬೆಳಿಗ್ಗೆ ಹುಡಗಿ ಊರಿಗೆ ಹೋಗಬೇಕು — ಅವತ್ತು ಕಾಲಿನಿಂದ ಮಷಿನ್ ತುಳಿದು ತೋರಿಸಿದವರು ಅಲ್ಲಿದ್ದಾರೆ.