ಐದು ಮರದ ಮೊಳೆ

ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆಯ ವಾಸನೆ ಮೂಗಿಗೆ ಹತ್ತಿದರೆ ನಾಲ್ಕು ದಿನ ಬಿಡುವುದಿಲ್ಲ. ಮೊನ್ನೆ ನನ್ನ ಮೊಮ್ಮಗಳು ಹಿತ್ತಲಲ್ಲಿ ಕೂತು, ತಾನೇ ಕೆತ್ತಿದ, ಇಬ್ಬರು ಕೂರುವಷ್ಟು ಪುಟ್ಟ ದೋಣಿಗೆ ಅದನ್ನು ಬಳಿಯುತ್ತಿದ್ದಳು. ಪಿಯುಸಿ ಓದುವ ಹುಡುಗಿ. ಎಣ್ಣೆ ತಾಗಿದರೆ ಬೊಕ್ಕೆ ಏಳುತ್ತದೆಂದು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದಳು. ನನಗಾದ ಖುಷಿ ಹೇಳಲಿಕ್ಕೆ ಬರುವುದಿಲ್ಲ. ಮೂರು ಸಲ ಚಹಾ ಮಾಡಿ ಕೊಟ್ಟೆ, ಮೂರು ಸಲವೂ ಸಕ್ಕರೆ ಮರೆತೆ. ಆದರೆ ಆ ವಾಸನೆಯ ಜೊತೆ ನೆರೆಮನೆಯ ಮಾವನೂ ನೆನಪಿಗೆ ಬಂದುಬಿಟ್ಟ. ಬಂದವನನ್ನು ಬೈಯದೆ ಇರಲಾಗಲಿಲ್ಲ... ಬೈದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮಾವ ಎಂದರೆ ಸಂಬಂಧದ ಮಾವನಲ್ಲ. ಬೇಲಿಯಾಚೆಯ ಮನೆಯವನು, ಊರಿಗೆಲ್ಲ ನೊಗ ನೇಗಿಲು ಮಾಡಿ, ಗೇರೆಣ್ಣೆ ಬಳಿದು ಕೊಡುತ್ತಿದ್ದ. ನಮ್ಮದು ಯಲ್ಲಾಪುರದ ಕಡೆ, ಮಾಗೋಡಿನತ್ತ ಹರಿಯುವ ಹೊಳೆಯ ದಂಡೆಯಲ್ಲಿ ಏಳೆಂಟು ಮನೆಯ ಊರು. ನಾಲ್ಕನೇ ಇಯತ್ತೆಯವರೆಗಿನ ಶಾಲೆ ಈಚೆ, ಐದನೆಯದು ಹೊಳೆಯಾಚೆ. ಮಳೆಗಾಲದಲ್ಲಿ ದಾಟಲು ಏನೂ ಇರಲಿಲ್ಲ. ನಾನು ನಾಲ್ಕು ಮುಗಿಸಿದ ಬೇಸಿಗೆಯಲ್ಲಿ ಮಾವ ತನ್ನ ಅಂಗಳದ ಮಾವಿನಮರವನ್ನೇ ಕಡಿದ.

“ತಂಗಿ, ಮಳೆ ಹಿಡಿಯೋದ್ರೊಳಗೆ ದೋಣಿ ತಯಾರು. ನೀನು ಮುಂದೆ ಕೂತ್ಕ, ನಾ ಹಿಂದಿಂದ ಹುಟ್ಟು ಹಾಕ್ತೆ” ಎಂದ.

ನಾನು ದಿನವೂ ಅಲ್ಲೇ. ಮೊದಲು ದಿಮ್ಮಿಯನ್ನು ಬೋರಲು ಹಾಕಿ ಹೊರಮೈ ಕೆತ್ತಿದ. ಆಮೇಲೆ ಬೈರಿಗೆಯಿಂದ ಅಡಿಯ ತುಂಬ ಸಾಲುಸಾಲು ತೂತು ಕೊರೆದು, ಮಸಿ ಹಚ್ಚಿದ ಬೆರಳುದ್ದದ ಮರದ ಮೊಳೆಗಳನ್ನು ಒಂದೊಂದಕ್ಕೆ ಸಿಕ್ಕಿಸಿಟ್ಟ. ಅದು ಚಂದಕ್ಕೆ ಎಂದುಕೊಂಡೆ ನಾನು. ಅವನು ಊಟಕ್ಕೆ ಹೋದಾಗ ಐದನ್ನು ಕಿತ್ತುಕೊಂಡೆ. ಬೇಲಿ ಬದಿಯ ನನ್ನ ಗೊಂಬೆ ಮನೆಗೆ ಒನಕೆ ಬೇಕಿತ್ತು, ಅಳತೆ ಮಾಡಿಸಿದ ಹಾಗಿದ್ದವು. ಕದ್ದದ್ದು ತಿಳಿಯಬಾರದೆಂದು ಮರದ ಪುಡಿಗೆ ಉಗುಳು ಕಲಸಿ ಐದೂ ತೂತು ಮುಚ್ಚಿ, ಬೆರಳಿನಿಂದ ನಯ ಮಾಡಿದೆ. ಎಷ್ಟು ಜಾಣೆ ನಾನು...

ಮರುದಿನ ಮಾವ ದಿಮ್ಮಿ ಮಗುಚಿ ಒಳಗಿನಿಂದ ತೋಡತೊಡಗಿದ. ವಾರ ಕಳೆಯಿತು. ದೋಣಿಯ ಆಕಾರ ಬಂತು. ಒಂದು ದಿನ ಬಾಚಿಯ ಪೆಟ್ಟು ಬಿದ್ದ ಕೂಡಲೆ ಅದು ಅಡಿಯನ್ನು ದಾಟಿ ಆಚೆ ಹೋಯಿತು, ಅಂಗೈಯಷ್ಟು ಜಾಗ ಮುರಿದು ಬಿತ್ತು. ಮಾವ ಬಾಚಿ ಕೆಳಗಿಟ್ಟು, ಆ ತೂತಿನೊಳಗೆ ಬೆರಳು ಹಾಕಿ ಬಹಳ ಹೊತ್ತು ಸವರುತ್ತ ಕೂತ.

ಹೊಳೆಗೆ ಇಳಿಸುವ ದೋಣಿಗೆ ತೇಪೆ ನಡೆಯುವುದಿಲ್ಲ. ಅವನು ಅದಕ್ಕೆ ತಗಡು ಬಡಿದು ದನಕ್ಕೆ ನೀರು ಕುಡಿಸುವ ಮರಿಗೆ ಮಾಡಿದ. ಊರು ಸುಮ್ಮನಿದ್ದೀತೆ? “ಎಂತ ಮಾರಾಯ, ನಿನ್ನ ದೋಣಿಯಲ್ಲಿ ಎಮ್ಮೆ ಎಷ್ಟು ಹಿಡಿಸ್ತು?” ಎಂದು ಕಂಡಕಂಡಲ್ಲಿ ಕೇಳಿದರು. ಮತ್ತೊಂದು ಮರ ಯಾರೂ ಅವನ ಕೈಗೆ ಕೊಡಲಿಲ್ಲ. ಜೂನ್ ಬಂತು, ಹೊಳೆ ತುಂಬಿತು, ನನ್ನ ಪಾಟಿ ಅಟ್ಟ ಸೇರಿತು. ಆ ಮಳೆಗಾಲ ದನ ಕಾಯಲು ಹೋದವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ನಾನು ಅವನ ಜೊತೆ ಮಾತು ಬಿಟ್ಟೆ. ಅವನಾಗಿ ಮಾತಾಡಿಸಿದ್ದು ಒಂದೇ ಸಲ. ಬೇಲಿಯ ಆಚೆ ನಿಂತು, “ತಂಗಿ, ಒನಕೆಯಲ್ಲಿ ಭತ್ತ ನುಣ್ಣಗೆ ಕುಟ್ಟಿ ಆತೇನೇ?” ಎಂದ. ನನ್ನ ಶಾಲೆ ಹಾಳು ಮಾಡಿ, ಇನ್ನು ಮನೆಗೆಲಸವೇ ಗತಿ ಎಂದು ಅಣಕಿಸುತ್ತಾನೆ ಅಂದುಕೊಂಡು, ಅವನ ಕಡೆ ಉಗಿದು ಒಳಗೆ ಹೋದೆ. ಅದೇ ಊರಿನಲ್ಲಿ ಮದುವೆಯಾಗಿ ಅಪ್ಪನ ಮನೆಯಲ್ಲೇ ಉಳಿದೆ, ಮಕ್ಕಳಾದರು, ಹೊಳೆಗೆ ಸೇತುವೆಯೂ ಬಂತು. ಅವನು ಹಾಸಿಗೆ ಹಿಡಿದಾಗ ಊರೆಲ್ಲ ನೋಡಿ ಬಂತು. ನಾನು ಹೋಗಲಿಲ್ಲ, ಸತ್ತ ದಿನವೂ ಹೋಗಲಿಲ್ಲ.

ಈ ಬೇಸಿಗೆಯಲ್ಲಿ ಅವನ ಸೊಸೆ ಕೊಟ್ಟಿಗೆ ಕೆಡವಿಸಿ ಮರಿಗೆಯನ್ನು ಹೊರಗೆ ಎಸೆದಳು. ನೋಡಲು ಹೋದ ನನ್ನ ಮೊಮ್ಮಗಳು ಅದನ್ನು ಮಗುಚಿ, ನನ್ನನ್ನು ಕೂಗಿ ಕರೆದಳು.

“ಅಜ್ಜಿ, ಇದು ಮರಿಗೆ ಅಲ್ಲ, ದೋಣಿ. ಈ ಕಪ್ಪು ಚುಕ್ಕಿ ನೋಡು. ಮೊಬೈಲಲ್ಲಿ ನೋಡಿದ್ದೆ ನಾನು. ಹೊರಗಿಂದ ಎರಡು ಬೆರಳು ಆಳಕ್ಕೆ ಮೊಳೆ ಹೊಡೀತಾರೆ. ಒಳಗಿಂದ ತೋಡ್ತಾ ಕಪ್ಪು ಕಂಡ ಕೂಡಲೆ ನಿಲ್ಲಿಸಬೇಕು, ಇಲ್ಲದಿದ್ರೆ ಅಡಿ ತೂತು.” ತಗಡಿನ ಸುತ್ತ ಬೆರಳಾಡಿಸಿದಳು. “ಇಲ್ಲಿ ಮಾತ್ರ ಮೊಳೆ ಇಲ್ಲ. ಸಾಲು ಎಣಿಸಿದ್ರೆ ಐದು ಕಮ್ಮಿ. ಯಾರೋ ಕಿತ್ತಿದಾರೆ.”

ನಾನೂ ಬಗ್ಗಿ ಆ ತಗಡಿನ ಸುತ್ತ ಬೆರಳಾಡಿಸಿದೆ.

ಅವನಿಗೆ ಗೊತ್ತಿತ್ತು. ಬೆರಳು ಹಾಕಿ ಸವರಿದ ದಿನವೇ ಗೊತ್ತಾಗಿತ್ತು. ಅದಕ್ಕೇ ಒನಕೆಯ ಮಾತು ಎತ್ತಿದ್ದು. ಊರಿನ ಎದುರು ನನ್ನ ಹೆಸರು ಹೇಳಿದ್ದರೆ ಅಪ್ಪ ನನಗೆ ಎರಡು ಬಿಡುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಅವನ ಕಸುಬಿನ ಮರ್ಯಾದೆ ಉಳಿಯುತ್ತಿತ್ತು, ಯಾರಾದರೂ ಇನ್ನೊಂದು ಮರ ಕೊಡುತ್ತಿದ್ದರು, ನಾನು ಐದನೇ ಇಯತ್ತೆಗೆ ಹೋಗುತ್ತಿದ್ದೆ. ಒಂದು ಮಗು ಬೈಸಿಕೊಳ್ಳಬಾರದೆಂದು ಬಾಯಿ ಮುಚ್ಚಿಕೊಂಡನಲ್ಲ, ಆ ದೊಡ್ಡತನ ಯಾರಿಗೆ ಬೇಕಿತ್ತು? ನನ್ನನ್ನೇ ಕರೆದು ಕಿವಿ ಹಿಂಡಿ ಹೇಳಬಾರದಿತ್ತೆ? ಜನ್ಮವಿಡೀ ಅವನನ್ನು ಬೈದೆ. ಆ ಪಾಪವನ್ನೂ ನನ್ನ ತಲೆಗೇ ಕಟ್ಟಿ ಹೋದ. ನನ್ನ ಮೇಲಿನ ಸಿಟ್ಟು ಇದಕ್ಕಿಂತ ದೊಡ್ಡದು, ಅದನ್ನು ಬರೆಯುವಷ್ಟು ನಾನು ಓದಿಲ್ಲ.

ಮೊಮ್ಮಗಳು ನನ್ನ ಮುಖ ನೋಡಿದಳು. ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ. “ನಾನೊಂದು ದೋಣಿ ಮಾಡ್ತೆ. ಮೊಳೆ ನೀನು ಮಾಡಿಕೊಡು” ಎಂದಳು. ಗಾಳಿಗೆ ಬಿದ್ದ ಮಾವಿನ ದಿಮ್ಮಿ ನಮ್ಮ ಹುಲ್ಲಿನ ಬ್ಯಾಣದಲ್ಲೇ ಇತ್ತು. ಕತ್ತಿ ಹಿಡಿದು ಕೂತು ಒಂದೊಂದೇ ಮೊಳೆ ಚೂಪು ಮಾಡಿದೆ, ಮಸಿ ಹಚ್ಚಿದೆ. ಅವಳು ತೋಡುವಷ್ಟು ದಿನವೂ ಪಕ್ಕದಲ್ಲಿ ಕೂತು ಕಪ್ಪು ಕಾಣುವುದನ್ನೇ ಕಾದೆ. “ಕಾವಲು ಜೋರುಂಟು, ಒಂದು ಕೋಲೂ ಹಿಡ್ಕಂಡು ಕೂರು” ಎಂದು ಕೀಟಲೆ ಮಾಡಿದಳು.

ಇವತ್ತು ಬೆಳಿಗ್ಗೆ ಎಣ್ಣೆ ಒಣಗಿತು. ಗದ್ದೆ ಬದಿಯ ಕೃಷಿಹೊಂಡಕ್ಕೆ ಇಳಿಸಿದೆವು. “ನೀ ಮುಂದೆ ಕೂತ್ಕ ಅಜ್ಜಿ” ಎಂದು ತಾನು ಹಿಂದಿನಿಂದ ಹುಟ್ಟು ಹಾಕಿದಳು. ದಂಡೆಯಲ್ಲಿ ನಿಂತ ಮಗ, ಸೊಸೆ ಎಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಹಲ್ಲಿಲ್ಲದ ಬಾಯಿ ಮುಚ್ಚಲೇ ಇಲ್ಲ. ಆದರೆ ಆಚೆ ದಡ ಮುಟ್ಟುವವರೆಗೂ ನನ್ನ ಕೈ ದೋಣಿಯ ಅಡಿಯನ್ನು ಸವರುತ್ತಲೇ ಇತ್ತು. ಒಣಗಿಯೇ ಇತ್ತು, ಒಂದು ಹನಿ ಒಳಗೆ ಬಂದಿರಲಿಲ್ಲ.

ಇಳಿದವಳೇ, ದೋಣಿ ದಡ ಮುಟ್ಟಿತು ಎಂದು ಮಾವನಿಗೆ ಹೇಳಿಬಿಡೋಣ ಎಂದು ಬೇಲಿಯ ತನಕ ಹೋದೆ... ಆಚೆ ಬರೀ ಕೊಟ್ಟಿಗೆ ಕೆಡವಿದ ಮಣ್ಣು.