ಪಡಸಾಲೆಯ ಸ್ಪೀಕರಿನಲ್ಲಿ ಒಡಪು

ಗಂಗಾವತಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಟಿ.ವಿ. ಕೆಳಗಿನ ಕಪಾಟಿನಲ್ಲಿ, ಬಿಸ್ಕಿಟ್ ಡಬ್ಬಿಯಷ್ಟು ಗಾತ್ರದ ಒಂದು ಕರಿ ಪೆಟ್ಟಿಗೆ ಕೂತಿದೆ. ಅದರ ಮೂತಿಯಲ್ಲಿ ಹಸಿರು ದೀಪವೊಂದು ಸದಾ ಮಿಣುಕುತ್ತಿರುತ್ತದೆ. ಹತ್ತಿರ ಹೋಗಿ ಕಿವಿಗೊಟ್ಟರೆ ಒಳಗೆ ಬೆಕ್ಕು ಮಲಗಿ ಗುರುಗುಟ್ಟಿದಂತೆ ಸದ್ದು. ನನಗೀಗ ಆ ದೀಪ ಕಂಡರೆ ಕಿವಿ ಬಿಸಿಯಾಗುತ್ತದೆ. ಈ ವಯಸ್ಸಿನಲ್ಲಿ ಬ್ಲಶ್ ಮಾಡುವುದು ಅಷ್ಟೇನೂ ಶೋಭೆಯ ಸಂಗತಿಯಲ್ಲ, ಒಪ್ಪುತ್ತೇನೆ.

ಅದು ಹಾರ್ಡ್ ಡಿಸ್ಕ್. ನಮ್ಮ ಯಜಮಾನರು ಒಂದು ಆಯುಷ್ಯವಿಡೀ ಕೂಡಿಹಾಕಿದ ಕ್ಯಾಸೆಟ್ಟುಗಳೆಲ್ಲ ತಗಡಿನ ಟ್ರಂಕಿನಿಂದ ಎದ್ದು ಅದರೊಳಗೆ ಹೋಗಿವೆ. ಹಾಗೆ ಕಳಿಸಿದವಳು ಸೊಸೆ ರೇಖಾ. ಕೊಪ್ಪಳದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಬೇಸಿಗೆ ರಜೆಯಲ್ಲಿ ಹಳೆಯ ಟೇಪ್ ರೆಕಾರ್ಡರಿಗೆ ವೈರು ಚುಚ್ಚಿ, ಒಂದೊಂದೇ ಕ್ಯಾಸೆಟ್ಟನ್ನು ಪೂರ್ತಿ ನುಡಿಸಿ ಇಳಿಸಿಕೊಂಡಳು. ಈಗ ಮನೆಯ ಯಾವ ಮೂಲೆಯಲ್ಲಿ ಕೂತರೂ ವೈಫೈ ಮೇಲೆ ಬೇಕಾದ ಹಾಡು ಬರುತ್ತದೆ. ಟ್ಯಾಬ್ಲೆಟ್ಟಿನಲ್ಲಿ ಹಾಡನ್ನು ಒತ್ತಬೇಕು, ಆಮೇಲೆ ಅದು ಎಲ್ಲಿ ನುಡಿಯಬೇಕೆಂಬುದನ್ನೂ ಒತ್ತಬೇಕು: ಕೈಯಲ್ಲಿರುವ ಟ್ಯಾಬ್ಲೆಟ್ಟಿನಲ್ಲೋ, ಪಡಸಾಲೆಯ ದೊಡ್ಡ ಸ್ಪೀಕರಿನಲ್ಲೋ. ಯಜಮಾನರಿಗೆ ಒಂದು ಕಿವಿ ಮಂದ, ಆದ್ದರಿಂದ ಮನೆಯ ಸಂಗೀತವೆಲ್ಲ ಸಾಮಾನ್ಯವಾಗಿ ಪಡಸಾಲೆಗೇ ಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಹೋದ ವಾರ ರೇಖಾ ಬಂದು, "ಅತ್ತೀ, ಒಂದು ಕ್ಯಾಸೆಟ್ನ್ಯಾಗ ನಿಮ್ಮ ಧ್ವನಿ ಐತ್ರಿ," ಎಂದಳು. ಸಣ್ಣಗೆ ನಗುತ್ತಿದ್ದಳು. "ಕೇಳ್ರಿ. ಆದ್ರ ಅರ್ಧಕ್ಕ ಬಿಡಬ್ಯಾಡ್ರಿ ಮತ್ತ, ಕೊನೀತನಾ ಕೇಳ್ರಿ."

ಯಾವುದೆಂದು ನನಗೆ ತಕ್ಷಣ ತಿಳಿಯಿತು.

ಹಿಂದಕ್ಕೆ ಹೋಗಬೇಕು. ನಾನು ಓದಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ. "ಚಿನ್ ಅಪ್, ಗರ್ಲ್ಸ್!" ಎನ್ನುತ್ತಿದ್ದ ಸಿಸ್ಟರ್ ಒಬ್ಬರ ಕೈಯಲ್ಲಿ ಎಲೊಕ್ಯೂಷನ್ ಕಲಿತು ಪ್ರೈಜ್ ಕೂಡ ಹೊಡೆದವಳು. ಮದುವೆಯಾದ ಮೇಲೆ ಯಜಮಾನರ ನೌಕರಿಯ ಹಿಂದೆ ಊರೂರು ತಿರುಗಿ, ತೊಂಬತ್ತೇಳರಲ್ಲಿ ಟ್ರಾನ್ಸ್‌ಫರ್ ಆಗಿ ಗಂಗಾವತಿಗೆ, ಅತ್ತೆಯ ಜೊತೆ ಇರಲು ಬಂದೆವು. ಅತ್ತೆ ಸಿದ್ದಾಪುರದ ಕಡೆಯವರು, ಗದ್ದೆಯ ಕೆಸರಿನಲ್ಲಿ ಬೆಳೆದವರು. ಮಾತು ಕಡಿಮೆ. ನಾನು ಮಾಡಿದ ಕಸ್ಟರ್ಡನ್ನು ಔಷಧಿಯಂತೆ ಕಣ್ಣು ಮುಚ್ಚಿ ನುಂಗಿ, "ಛಲೋ ಆಗೈತಿ," ಎನ್ನುವವರು.

ನಮ್ಮ ಕಡೆ ಕಾರ್ಯಕ್ಕೆ ಹೆಂಗಸರು ಸೇರಿದರೆ ಒಡಪು ಹಾಕಿಸದೆ ಬಿಡುವುದಿಲ್ಲ. ಬೇರೆ ದಿನ ಬಾಯಿ ಬಿಡಬಾರದ ಗಂಡನ ಹೆಸರನ್ನು ಅವತ್ತು ಪ್ರಾಸ ಕಟ್ಟಿ ಎಲ್ಲರೆದುರು ಹೇಳಬೇಕು. ಊರಿಗೆ ಬಂದ ಹೊಸತರಲ್ಲೇ ಒಂದು ತೊಟ್ಟಿಲ ಕಾರ್ಯದಲ್ಲಿ ನನ್ನನ್ನು ಹಿಡಿದರು. ನನಗೆ ಒಂದೂ ಬಾರದು. "ಐ ಡೋಂಟ್ ನೋ ಎನಿ," ಎಂದುಬಿಟ್ಟೆ, ಗಾಬರಿಯಲ್ಲಿ ಇಂಗ್ಲಿಷೇ ಬಂತು! ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. "ಏ, ಇಂಗ್ಲೀಷ್‌ನ್ಯಾಗ ಒಡಪ ಹಾಕಿದಳವ್ವಾ!" ಎಂದು ಒಬ್ಬಾಕೆ ಉಳಿದವರಿಗೆ ಸಾರಿದಳು. ಮನೆಗೆ ಬರುವವರೆಗೂ ಅತ್ತೆ ಮಾತಾಡಲಿಲ್ಲ. ಆ ಮೌನ ನನಗೆ ನಗುವಿಗಿಂತ ಹೆಚ್ಚು ಚುಚ್ಚಿತು.

ಮುಂದಿನ ಕಾರ್ಯವೆಂದರೆ ನಾದಿನಿ ಕಮಲಾಳ ಕುಬಸ, ಅಂದರೆ ಸೀಮಂತ. ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಅಷ್ಟರೊಳಗೆ ಕಲಿಯಲೇಬೇಕೆಂದು ಹಟ ಹಿಡಿದು ನಾನೇ ಒಂದು ಒಡಪು ಹೊಸೆದೆ. ಸಿಸ್ಟರ್ ಕಲಿಸಿದ ಪದ್ಧತಿಯಂತೆ ರೆಕಾರ್ಡ್ ಮಾಡಿ, ಕೇಳಿ, ತಿದ್ದಿಕೊಳ್ಳಬೇಕಲ್ಲ? ಎರಡು ದಿನ ಮಧ್ಯಾಹ್ನ ಅತ್ತೆ ಮಲಗಿದ್ದಾರೆಂದು ನಂಬಿ, ಟೇಪ್ ರೆಕಾರ್ಡರನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ಪ್ರಾಕ್ಟೀಸ್ ಮಾಡಿದೆ. ಮೊದಲ ಸಾಲು ಸರಾಗವಾಗಿ ಬರುತ್ತಿತ್ತು, ಗಂಡನ ಹೆಸರು ಬಂದಲ್ಲಿ ತೊದಲುತ್ತಿದ್ದೆ. ಕೊನೆಗೆ ರೋಸಿಹೋಗಿ, ಟೇಪು ತಿರುಗುತ್ತಿದ್ದಂತೆಯೇ ಎದ್ದು ಹಿತ್ತಲಿಗೆ ಬಟ್ಟೆ ತೆಗೆಯಲು ಹೋದೆ. ಆಮೇಲೆ ಕೇಳುವ ಧೈರ್ಯವೂ ಆಗಲಿಲ್ಲ. ಅದರ ಮೇಲೆ ರೇಡಿಯೊದ ಭಜನೆ ತುಂಬಿಸಿ ಅಳಿಸಿದೆ ಎಂದುಕೊಂಡೆ. ಭಜನೆ ತುಂಬಿದ್ದು ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲಿಗೆ ಎಂಬುದು ತಿಳಿದದ್ದು ಈಗ.

ಕುಬಸದ ದಿನ ಹೆಂಗಸರೆಲ್ಲ ಸುತ್ತ ಕೂತಿದ್ದಾಗ ನಾನು ಕಂಬದ ಮರೆಗೆ ಸರಿದಿದ್ದೆ. ಅತ್ತೆಯೇ ದನಿಯೆತ್ತಿ, "ತಡೀರ್ರಿ. ಇವತ್ತ ಮೊದಲ ನಮ್ಮ ಸೊಸಿ ಹೇಳತಾಳ," ಎಂದರು. ಎಲ್ಲರೂ ನನ್ನತ್ತ ತಿರುಗಿದರು. "ನನಗ ಬರೂದಿಲ್ಲ," ಎಂದು ಒಳಗೆ ನಡೆದುಬಿಟ್ಟೆ. ಹೊರಗೆ ಮತ್ತೆ ಅದೇ ನಗು.

ಬಾರದು ಎಂದು ಗೊತ್ತಿದ್ದೂ ಬೇಕೆಂದೇ ಎಬ್ಬಿಸಿದರು, ಬೀಗರೆದುರು ಮಾನ ಕಳೆದರು ಎಂದು ನಾನು ತೀರ್ಮಾನಿಸಿದೆ. ಜಗಳವಾಡಲಿಲ್ಲ, ಕಾನ್ವೆಂಟ್ ನೋಡಿ! ಆಮೇಲೆ ಅವರೊಂದಿಗೆ ವೆರಿ ಪೊಲೈಟ್ ಆಗಿದ್ದೆ. ಹೊತ್ತಿಗೆ ಸರಿಯಾಗಿ ಊಟ, ಗುಳಿಗೆ, ಬಿಸಿನೀರು. ಬಳಿಯಲ್ಲಿ ಕೂತು ಒಂದು ಹರಟೆ ಇಲ್ಲ. ಅತ್ತೆ ಇದ್ದಷ್ಟು ವರ್ಷವೂ ಹಾಗೇ ನಡೆಯಿತು. ಅವರೂ ಮತ್ತೆಂದೂ ನನಗೆ ಒಡಪು ಹೇಳೆನ್ನಲಿಲ್ಲ.

ಮೊನ್ನೆ ಭಾನುವಾರ ಕುಷ್ಟಗಿಯಿಂದ ಕಮಲಾ ಬಂದಿದ್ದಳು. ಪಡಸಾಲೆಯಲ್ಲಿ ಅಣ್ಣ ತಂಗಿ ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನುತ್ತ ಕೂತರು. ರೇಖಾ ಚಹಾ ಸೋಸುತ್ತಿದ್ದಳು. ಇದೇ ಸಮಯವೆಂದು ನಾನು ಟ್ಯಾಬ್ಲೆಟ್ ಹಿಡಿದು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುವುದು, ಯಾರ ಕಿವಿಗೂ ಬೀಳುವ ಮೊದಲು ಡಿಲೀಟ್ ಮಾಡುವುದು. ಒತ್ತಿದೆ. ಸದ್ದಿಲ್ಲ. ವಾಲ್ಯೂಮ್ ಏರಿಸಿದೆ. ಸದ್ದಿಲ್ಲ. ಪೂರ್ತಿ ಏರಿಸಿದೆ.

ಬಾಗಿಲಾಚೆ, ಇಡೀ ಓಣಿಗೆ ಕೇಳುವಂತೆ, ಪ್ರೈಜ್ ಡೇ ಭಾಷಣದ ಠೀವಿಯಲ್ಲಿ ನನ್ನದೇ ದನಿ ಗುಡುಗಿತು: "ಕಾಲುವೆಗೆ ಬಂತು ನೀರು, ಗದ್ದೆಗೆ ಹೊಂಟವು ಏರು..."

ಓಡಿದೆ. ಈ ಮೊಣಕಾಲಲ್ಲಿ ಓಡುವುದೆಂದರೆ ಏನೆಂದು ಕೇಳಬೇಡಿ. ಪಡಸಾಲೆಯಲ್ಲಿ ಯಜಮಾನರು ಮಿರ್ಚಿ ಕೈಯಲ್ಲೇ ಹಿಡಿದು ಸ್ಪೀಕರಿನತ್ತ ಒಳ್ಳೆಯ ಕಿವಿ ತಿರುಗಿಸಿದ್ದರು. ಕಮಲಾ ಸೆರಗಿನಲ್ಲಿ ಬಾಯಿ ಒತ್ತಿಕೊಂಡಿದ್ದಳು. ನನ್ನ ದನಿ ತೊದಲಿತು, ಮತ್ತೆ ಮೊದಲಿನಿಂದ ಹತ್ತಿತು, ಮತ್ತೆ ತೊದಲಿತು.

"ನಿಲ್ಲಿಸ! ರೇಖಾ, ಅದನ್ನ ನಿಲ್ಲಿಸ ಮೊದಲ!" ಎಂದು ಕೂಗಿದೆ. ಇವಳೇ ಬೇಕೆಂದು ಹಚ್ಚಿದಳು, ಬಂದವರೆದುರು ನನ್ನ ಮಾನ ಕಳೆಯಲಿಕ್ಕೆ ಎಂದು ಆ ಕ್ಷಣ ನಂಬಿಯೂಬಿಟ್ಟೆ. ನನ್ನದೇ ಕೈಯಲ್ಲಿ ಟ್ಯಾಬ್ಲೆಟ್ ಇತ್ತು, ನೋಡಿ!

"ತಡೀರ್ರಿ ಅತ್ತೀ," ಎಂದು ಅವಳು ನನ್ನ ಮೊಣಕೈ ಹಿಡಿದಳು. "ಈಗ ಬರ್ತೈತಿ."

ಸ್ಪೀಕರಿನಲ್ಲಿ ಸ್ಟೂಲು ಸರಿದ ಸದ್ದು, ದೂರವಾಗುವ ಹೆಜ್ಜೆ. ಹಿತ್ತಲ ಬಾಗಿಲು ಕಿರುಗುಟ್ಟಿತು. ಆಮೇಲೆ ಕೊಡದಿಂದ ನೀರು ಮೊಗೆದ ಸದ್ದು, ಹರೆಯದ ಹುಡುಗಿಯೊಬ್ಬಳ ಕಿಸಿಕಿಸಿ ನಗು.

"ಅವ್ವಾ, ವೈನಿ ನೋಡ! ಸಾಲಿ ಪಾಠ ಒಪ್ಪಿಸಿದಂಗ ಒಪ್ಪಸಾಕ ಹತ್ಯಾಳ."

ಕಮಲಾ ಸೆರಗು ಬಿಟ್ಟು ನೆಟ್ಟಗೆ ಕೂತಳು. ಅದು ಅವಳದೇ ದನಿ.

"ಸುಮ್ಕಿರ, ಬಾಯಿಮ್ಯಾಲ ಕೊಡತೀನಿ." ಇದು ಅತ್ತೆ. "ನಿನ್ನೀಂದ ನಾನೂ ಕೇಳಾಕ ಹತ್ತೀನಿ. ನಿದ್ದಿ ಬಂದಂಗ ಬಿದ್ದಿರತೀನಿ, ನಾಚಿ ಬಿಟ್ಟಾಳಂತ. ತಾನ ಕಟ್ಯಾಳ ಅದನ್ನ, ಯಾರದೂ ಕದ್ದದ್ದಲ್ಲ. ನಿನ್ನ ಕುಬಸಕ್ಕ ಎಲ್ಲಾರಗಿಂತ ಮೊದಲ ಆಕೀನ್ನ ಎಬ್ಬಸತೀನಿ. ಅವತ್ತ ನಕ್ಕವರು ಕೇಳಲಿ. ಹೇಳತಾಳ ನೋಡ, ನನ್ನ ಸೊಸಿ."

ಕೊಡದ ಮೇಲೆ ತಟ್ಟೆ ಮುಚ್ಚಿದ ಸದ್ದು. ಆಮೇಲೆ ಬರೀ ಟೇಪಿನ ಸುಯ್ಯೆನ್ನುವ ಸದ್ದು.

ನಾನು ಅಲ್ಲೇ ಕುರ್ಚಿಯ ಬೆನ್ನು ಹಿಡಿದು ನಿಂತೆ. ತೊದಲಿದ್ದನ್ನು ಎಲ್ಲರೂ ಕೇಳಿದರೆಂಬ ನಾಚಿಕೆ ಎಲ್ಲಿ ಹೋಯಿತೋ ತಿಳಿಯದು. ಅದರ ಜಾಗಕ್ಕೆ ಬಂದದ್ದು ಬೇರೆಯದು, ಅದಕ್ಕೆ ನನ್ನ ಯಾವ ಇಂಗ್ಲಿಷೂ ಸಾಲದು. ಹೆಮ್ಮೆಯಿಂದ ಕೈಹಿಡಿದು ಮುಂದೆ ನಿಲ್ಲಿಸಿದವರಿಗೆ ನಾನು ಹೊತ್ತಿಗೆ ಸರಿಯಾಗಿ ಗುಳಿಗೆ ಮಾತ್ರ ಕೊಟ್ಟಿದ್ದೆ.

"ನನಗ ನೆನಪ ಇಲ್ಲ ನೋಡ್ರಿ ವೈನಿ," ಎಂದಳು ಕಮಲಾ, ಮೆಲ್ಲಗೆ. "ಅವ್ವ ಇಷ್ಟು ಮಾತಾಡಿದ್ದು."

ಯಜಮಾನರು ಮಾತ್ರ ಸ್ಪೀಕರನ್ನೇ ನೋಡುತ್ತಿದ್ದರು. "ಅಲ್ಲಾ, ಹೆಸರ ಹೇಳಲೇ ಇಲ್ಲಲ್ಲ? ಏರು ಹೊಂಟು, ಮುಂದ?"

ಅವರ ಹೆಸರನ್ನು ಈ ಬರಹದಲ್ಲೂ ನಾನು ಇಲ್ಲಿಯವರೆಗೆ ಬರೆದಿಲ್ಲ, ನೀವು ಗಮನಿಸಿರಬಹುದು. ಅಡುಗೆಮನೆಯ ಹೊಸ್ತಿಲಿಗೆ ಹೋಗಿ ನಿಂತೆ, ಕೊಡ ಇರುತ್ತಿದ್ದ ಜಾಗದ ಕಡೆ ತಿರುಗಿ. ಚಿನ್ ಅಪ್ ಆಗಲಿಲ್ಲ, ತಲೆ ತಗ್ಗಿಸಿಯೇ ಹೇಳಿದೆ.

"ಕಾಲುವಿಗೆ ಬಂತು ನೀರು, ಗದ್ದಿಗೆ ಹೊಂಟಾವ ಏರು, ವೀ..."

ಅಲ್ಲೇ ನಿಂತಿತು. ಬಾಯಿಮೇಲೆ ಕೊಡುತ್ತೇನೆ ಎನ್ನುವವರು ಈಗ ಯಾರೂ ಇರಲಿಲ್ಲ. ಆದರೂ ಯಾರೂ ನಗಲಿಲ್ಲ.

"ವೀರಣ್ಣನವರ ಹೆಸರ ಹೇಳತೀನಿ, ನಗವರು ಯಾರು?"

"ಅತ್ತೀ, ಅಳಸಲೇನ್ರಿ ಅದನ್ನ?" ಎಂದು ರೇಖಾ ಆಮೇಲೆ ಕೇಳಿದಳು. ಬೇಡವೆಂದೆ. ಸೋಸಿಟ್ಟ ಚಹಾ ಆರಿತ್ತು. ಅವಳನ್ನು ಕೂರಿಸಿ, ಮತ್ತೆ ಬಿಸಿ ಮಾಡಿ ತಂದು ಕೊಟ್ಟೆ. ನಾನೂ ಪಕ್ಕದಲ್ಲೇ ಕೂತೆ, ಹರಟೆಗೆ.