ಬೋಣಿಗೆ ಬೇಡವಾದ ಕೈ

ಆಗೆಲ್ಲ ರವಿವಾರ ಬಂತೆಂದರೆ ಗಜೇಂದ್ರಗಡದ ನಮ್ಮ ನೇಕಾರ ಓಣಿಯ ತುದಿಗೆ, ಬೇವಿನ ಗಿಡದ ಸುತ್ತ, ಒಂದು ಸಣ್ಣ ಸಂತೆ ಕೂಡುತ್ತಿತ್ತು. ಊರಿನ ದೊಡ್ಡ ವಾರದ ಸಂತೆ ಬೇರೆ. ಇದು ಪುರ್ತಗೇರಿ, ಜಕ್ಕಲಿ ಕಡೆಯ ರೈತರು ತಮ್ಮ ಹೊಲದ್ದನ್ನು ತಾವೇ ತಂದು, ನೆಲಕ್ಕೆ ಗೋಣಿತಟ್ಟು ಹಾಸಿ ಮಾರಿ, ಮಧ್ಯಾಹ್ನದೊಳಗೆ ಎದ್ದುಹೋಗುವ ಸಂತೆ. ಇಂಥ ಸಂತೆಗಳ ಬಗ್ಗೆ ಬರೆಯುವವರೆಲ್ಲ ಕಣ್ಣು ತುಂಬಿಕೊಂಡು ಬರೆಯುತ್ತಾರೆ. ಅಜ್ಜಿಯರು ಬಾಯಿ ತುಂಬ ಮಾತಾಡಿಸುತ್ತಿದ್ದರಂತೆ, ಕೊಸರಿಗೆ ಕೊತ್ತಂಬರಿ ಹಾಕುತ್ತಿದ್ದರಂತೆ. ನಿಮ್ಮ ಸಂತೆ ಹಾಗಿದ್ದರೆ ಅದು ನಿಮ್ಮ ಪುಣ್ಯ. ನನ್ನ ಸಂತೆ ನನ್ನನ್ನು ಹೊರಗೆ ನಿಲ್ಲಿಸಿತು, ಆ ಸಿಟ್ಟು ಇನ್ನೂ ಇಳಿದಿಲ್ಲ.

ವಾಸನೆಗಳು ಚೆನ್ನಾಗಿದ್ದವು, ಇಲ್ಲ ಅನ್ನುವುದಿಲ್ಲ. ಹಿಂಗಾರಿಯ ದಿನಗಳಲ್ಲಿ ಬೇರಿನ ಮಣ್ಣು ಸಮೇತ ಕಿತ್ತು ತಂದ ಕಡಲೆ ಗಿಡದ ಹುಳಿ ವಾಸನೆ, ಮೆಂತ್ಯದ ಕಹಿ ವಾಸನೆ, ಮೂಲೆಯ ಕೈಗಾಡಿಯಲ್ಲಿ ಕರಿಯುತ್ತಿದ್ದ ಮಿರ್ಚಿ ಭಜಿಯ ವಾಸನೆ. ನಾನಾಗ ನಾಲ್ಕನೇ ಇಯತ್ತೆ. ಅವ್ವ ಅಪ್ಪ ಇಬ್ಬರೂ ಬೆಳಗಾಗುತ್ತಲೇ ಮಗ್ಗಕ್ಕೆ ಕೂಡುತ್ತಿದ್ದರಿಂದ ಕಾಯಿಪಲ್ಲೆ ತರುವ ಕೆಲಸ ನನ್ನದು. ಎಲ್ಲರಿಗಿಂತ ಮೊದಲು ಹೋದರೆ ಎಳೆಯ ಬದನೆಕಾಯಿ ಸಿಗುತ್ತವೆ ಎಂದು ಆಯಿ, ಅಂದರೆ ಅಪ್ಪನ ತಾಯಿ, ಹೊತ್ತು ಹುಟ್ಟುವಾಗಲೇ ಎಬ್ಬಿಸಿ ಕೈಗೆ ಚೀಲ ಕೊಡುತ್ತಿದ್ದಳು.

ಮನೆಯಲ್ಲಿ ನನ್ನ ಕೈಗೆ ಒಂದು ಮರ್ಯಾದೆ ಇತ್ತು. ಮಗ್ಗಕ್ಕೆ ಹೊಸ ಹಾಸು, ಅಂದರೆ ಸೀರೆಯ ಉದ್ದಕ್ಕೆ ಓಡುವ ನೂಲು, ಏರಿಸುವಾಗ ಅದರ ಎಳೆಗಳನ್ನು ಹಳೆಯ ಹಾಸಿನ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸಬೇಕು. ಮೊದಲನೆಯ ಎಳೆಯನ್ನು ಅಪ್ಪ ನನ್ನಿಂದಲೇ ಕೂಡಿಸುತ್ತಿದ್ದ. ಬೆರಳಿಗೆ ಬೂದಿ ಹಚ್ಚಿ, ಎರಡು ತುದಿ ಹಿಡಿಸಿ, ಹೊಸೆದು ಮುಗಿದ ಮೇಲೆ ಬಾಯಿಗೆ ಸಕ್ಕರೆ ಹಾಕುತ್ತಿದ್ದ. "ನಮ್ಮ ಶಾರಿ ಕೈ ಹಚ್ಚಿದ ಹಾಸು ಹರಿಯೂದಿಲ್ಲ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದ. ಓದಿನಲ್ಲಿ ಅಷ್ಟಕ್ಕಷ್ಟೇ ಇದ್ದ ನನಗೆ ಜಂಬಪಡಲು ಇದ್ದದ್ದು ಅದೊಂದೇ.

ಇನ್ನು ಬೋಣಿ. ದಿನದ ಮೊದಲ ವ್ಯಾಪಾರ ನಮ್ಮ ಕಡೆ ಪೂಜೆಗೆ ಸಮ. ಮೊದಲ ಗಿರಾಕಿ ಕೊಟ್ಟ ದುಡ್ಡನ್ನು ಕಣ್ಣಿಗೆ ಒತ್ತಿಕೊಂಡು, ತಕ್ಕಡಿಗೆ ಮುಟ್ಟಿಸಿ, ಆಮೇಲೆ ಉಡಿಗೆ ಹಾಕಿಕೊಳ್ಳುತ್ತಾರೆ. ಆ ಗಿರಾಕಿಯ ಕೈಗುಣ ಒಳ್ಳೆಯದಿದ್ದರೆ ಮಾಲು ಬೇಗ ಖಾಲಿ. ಕೆಟ್ಟದ್ದಿದ್ದರೆ ಅವತ್ತಿನ ಸಂತೆ ಮುಗಿದಂತೆಯೇ.

ಒಂದು ರವಿವಾರ ಪುರ್ತಗೇರಿಯ ಗಂಗವ್ವನಿಗೆ ನಾನು ಬೋಣಿ ಮಾಡಿದೆ. ತೊಪ್ಪಲು ಪಲ್ಲೆ, ಬದನೆಕಾಯಿ ಮಾರುವ ಹೆಂಗಸು ಅವಳು, ದೊಡ್ಡ ಕುಂಕುಮ, ಅದಕ್ಕಿಂತ ದೊಡ್ಡ ಬಾಯಿ. ಬದನೆಕಾಯಿ ಚೀಲಕ್ಕೆ ಹಾಕಿಕೊಂಡು ಇನ್ನೂ ತಿರುಗಿರಲಿಲ್ಲ, ದೇವರಿಗೆ ಬಿಟ್ಟ ಗೂಳಿಯೊಂದು ಓಣಿಯೊಳಗಿಂದ ನುಗ್ಗಿ ಬಂತು. ಅಷ್ಟು ಜನರನ್ನು ದಾಟಿ ನೆಟ್ಟಗೆ ಗಂಗವ್ವನ ಮೆಂತ್ಯಕ್ಕೇ ಬಾಯಿ ಹಾಕಿತು. ಓಡಿಸಲು ಹೋದ ಗಲಾಟೆಯಲ್ಲಿ ಬುಟ್ಟಿ ಮಗುಚಿ, ಬದನೆಕಾಯಿಯೆಲ್ಲ ಕಾಲಡಿ ಸಿಕ್ಕು ಜಜ್ಜಿಹೋದವು. ಗೂಳಿಗೆ ಯಾರೂ ಬೈಯಲಿಲ್ಲ, ಅದು ದೇವರದ್ದು.

"ಇವತ್ತ ಯಾರ ಬೋಣಿ ಮಾಡಿದ್ರ ನಿಂಗ?" ಎಂದು ಪಕ್ಕದವಳು ಕೇಳಿದಳು.

ಗಂಗವ್ವ ನನ್ನ ಕಡೆ ಕೈ ಮಾಡಿದಳು. "ಆ ನೇಕಾರ ಹುಡಿಗಿ."

ಮುಂದಿನ ವಾರ ನಾನು ರೊಕ್ಕ ಚಾಚಿದರೆ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಯಾರರ ಒಬ್ಬರು ತಗೊಳ್ಳಲಿ, ಆಮ್ಯಾಲ ಬಾ."

"ನಂಗ ಲಗೂ ಹೋಗಬೇಕು."

"ಲಗೂ ಹೋಗೂದಿದ್ರ ಬ್ಯಾರೆ ಕಡಿ ಹೋಗು. ನಿನ್ನ ಕೈಗುಣ ಚಲೋ ಇಲ್ಲ."

ಬೇರೆ ಕಡೆ ಹೋದೆ. ಅಲ್ಲೂ ಅದೇ. ಸಂತೆಯಲ್ಲಿ ಕೊತ್ತಂಬರಿಗಿಂತ ಬೇಗ ಖರ್ಚಾಗುವುದು ಸುದ್ದಿ. ರೊಕ್ಕ ಹಿಡಿದುಕೊಂಡು ಬೇವಿನ ಗಿಡಕ್ಕೆ ಒರಗಿ, ಬೇರೆಯವರು ಬರಲೆಂದು ಕಾಯುವುದು ನನಗೆ ರೂಢಿಯಾಯಿತು. ಬಂದವರು ಎಳೆಯದನ್ನೆಲ್ಲ ಆರಿಸಿಕೊಂಡು ಹೋಗುತ್ತಿದ್ದರು. ನಾನು ತಂದ ಬಲಿತ ಬದನೆಕಾಯಿ ನೋಡಿ ಆಯಿ ಬೈಯುತ್ತಿದ್ದಳು. ಓಣಿಯ ಹುಡುಗಿಯರು ಎಲೆಯ ಪಲ್ಲೆ, ಹಂಚಿನ ಚೂರಿನ ರೊಕ್ಕ ಇಟ್ಟುಕೊಂಡು ಸಂತೆ ಆಟ ಆಡುವಾಗಲೂ "ನೀ ಮೊದಲ ತಗೋಬ್ಯಾಡ, ಗೂಳಿ ಬರ್ತೈತಿ" ಎಂದು ನನ್ನನ್ನು ಹಿಂದೆ ತಳ್ಳಿದರು. ಆ ಹುಡುಗಿಯರ ಹೆಸರು ನನಗೆ ಇವತ್ತಿಗೂ ನೆನಪಿವೆ. ಅವರ ಮದುವೆಗಳಿಗೆ ನಾನು ಹೋಗಲಿಲ್ಲ.

ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಈ ಮಾತು ಅಪ್ಪನ ಮಗ್ಗದವರೆಗೆ ಹೋಗಬಾರದು, ಅದೊಂದೇ ನನ್ನ ಹೆದರಿಕೆ. ಆದರೆ ಮಾತಿಗೆ ಬಾಗಿಲು ಯಾವುದು. ಅವ್ವನಿಗೆ ನೀರು ತರುವಲ್ಲಿ ಗೊತ್ತಾಯಿತು. ಬಂದ ರವಿವಾರವೇ ಮಗ್ಗ ಬಿಟ್ಟು ಎದ್ದು, ಸೆರಗು ಸೊಂಟಕ್ಕೆ ಸಿಗಿಸಿ, ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಗಂಗವ್ವನ ಮುಂದೆ ನಿಲ್ಲಿಸಿದಳು.

"ಇಕಿ ಕೈಯಾಗಿಂದ ತಗೋ."

"ಒಲ್ಲೆ."

"ಗೂಳಿ ಮೇದದ್ದಕ್ಕ ನನ್ನ ಮಗಳು ಏನ ಮಾಡ್ಯಾಳು? ಆಕಿ ಕರಕೊಂಡ ಬಂದಿದ್ಲೇನು ಅದನ್ನ?"

ಗಂಗವ್ವ ಪಲ್ಲೆಗೆ ನೀರು ಚಿಮುಕಿಸುತ್ತಲೇ ಇದ್ದಳು. "ಕೂಸಿನ ಮ್ಯಾಲ ನಂಗೇನ ಸಿಟ್ಟಿಲ್ಲ ತಂಗಿ. ಕತ್ತಲಾಗ ಎದ್ದು ಕೊಯ್ದು ತಲಿ ಮ್ಯಾಲ ಹೊತ್ಕೊಂಡ ಬಂದೇನಿ. ಮಾರಲಿಲ್ಲಂದ್ರ ಮತ್ತ ಹೊತ್ಕೊಂಡ ಹೋಗಾಕಿ ನಾನ, ನೀ ಅಲ್ಲ."

ಅವ್ವ ಇನ್ನೂ ಏನೇನೋ ಅಂದಳು. ನಿನ್ನ ಬಾಯಿಗೆ ಹುಳ ಬೀಳಲಿ ಎಂದೂ ಅಂದಳು. ಗಂಗವ್ವನೂ ಸುಮ್ಮನಿರುವ ಪೈಕಿ ಅಲ್ಲ. ಜನ ವ್ಯಾಪಾರ ಬಿಟ್ಟು ನೋಡುತ್ತ ನಿಂತರು. ಅಲ್ಲಿಯವರೆಗೆ ನನ್ನ ಕೈಗುಣದ ಸುದ್ದಿ ಮುಟ್ಟಿರದ ಅಷ್ಟಿಷ್ಟು ಮಂದಿಗೂ ಅವತ್ತು ಮುಟ್ಟಿತು.

ಆ ಜಗಳದ ನಡುವೆ ಉಳ್ಳಾಗಡ್ಡಿ ಮಾರುವ ಜಕ್ಕಲಿಯ ಬಸಣ್ಣ ನನ್ನನ್ನು ಕರೆದ. ಬಿಳಿ ಮೀಸೆಯ, ಮೆತ್ತಗಿನ ಮಾತಿನ ಮುದುಕ.

"ಬಾ ಇಲ್ಲೆ ತಂಗಿ. ನಂಗ ಬೋಣಿ ಮಾಡು. ಇವರಿಗೇನ ತಿಳೀತೈತಿ."

ನಾನು ಕೊಟ್ಟ ದುಡ್ಡನ್ನು ಅವನು ಎಲ್ಲರೆದುರು ಕಣ್ಣಿಗೆ ಒತ್ತಿಕೊಂಡ. ಅಂದಿನಿಂದ ಪ್ರತಿ ರವಿವಾರ ಮೊದಲು ಅವನ ಹತ್ತಿರವೇ ಓಡುತ್ತಿದ್ದೆ. ಬೇಕಿರಲಿ ಬಿಡಲಿ, ಉಳ್ಳಾಗಡ್ಡಿ ಕೊಳ್ಳುತ್ತಿದ್ದೆ. ಬಂಗಾರದ ಕೈ ಅನ್ನುತ್ತಿದ್ದ ಅವನು. ಮನೆಯ ಜಗುಲಿಯ ಮೇಲೆ ದೇವರ ಪಕ್ಕ ಅವನನ್ನೂ ಕೂಡಿಸುವುದೊಂದು ಬಾಕಿ ಇತ್ತು.

ಒಮ್ಮೆ ಆಯಿ ಇನ್ನೂ ಬೇಗ ಎಬ್ಬಿಸಿದಳು. ಹೋದರೆ ಸಂತೆಯಲ್ಲಿ ಆಗಷ್ಟೇ ಗೋಣಿತಟ್ಟು ಹಾಸುತ್ತಿದ್ದರು. ಬಸಣ್ಣ ನನ್ನನ್ನು ನೋಡಲಿಲ್ಲ. ಪಕ್ಕದಲ್ಲಿ ಬಳ್ಳೊಳ್ಳಿ ಮಾರುವ ಮೌಲಾಸಾಬನಿಗೆ ಒಂದು ಉಳ್ಳಾಗಡ್ಡಿ ಕೊಟ್ಟು ನಾಣ್ಯಕ್ಕೆ ಕೈ ಚಾಚಿದ್ದ.

"ಲಗೂ ಮಾಡ್ರಿ ಸಾಬ್ರ. ಆ ಹುಡಿಗಿ ಬರೂ ಹೊತ್ತಾತು."

ನಾಣ್ಯವನ್ನು ಕಣ್ಣಿಗೆ ಒತ್ತಿಕೊಂಡ, ತಕ್ಕಡಿಗೆ ಮುಟ್ಟಿಸಿದ, ಜೇಬಿಗೆ ಹಾಕಿಕೊಂಡ. ತಿರುಗಿದವನಿಗೆ ನಾನು ಕಂಡೆ. "ಬಾ ತಂಗಿ, ಬೋಣಿ ಮಾಡು" ಅಂದ, ಎಂದಿನ ನಗುವಿನಲ್ಲೇ.

ಗಂಗವ್ವ ಮುಖಕ್ಕೇ ಅಂದಳು, ಅವಳಿಗೆ ನಾನು ಮನಸ್ಸಿನಲ್ಲಾದರೂ ಬೈದು ಮುಗಿಸಬಹುದಿತ್ತು. ಕನಿಕರದಿಂದ ಮೋಸ ಮಾಡಿದವನಿಗೆ ಬೈಯಲೂ ಬರುವುದಿಲ್ಲ. ಅವನು ಒಳ್ಳೆಯವನೇ ಅಲ್ಲವೇ, ನಿನ್ನ ಮನಸ್ಸು ನೋಯಬಾರದೆಂದು ತಾನೇ ಹಾಗೆ ಮಾಡಿದ್ದು ಎಂದು ಆಮೇಲೆ ಎಷ್ಟೋ ಜನ ನನಗೆ ಬುದ್ಧಿ ಹೇಳಿದ್ದಾರೆ. ಇರಬಹುದು. ಅವನ ನಗು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನನ್ನನ್ನು ಇಷ್ಟಪಡುವವನೂ ನನ್ನ ಕೈಗೆ ಹೆದರುತ್ತಾನೆ ಅಂದರೆ ಆ ಮಾತು ಖರೆಯೇ ಇರಬೇಕು ಎಂದು ಅವತ್ತು ನಾನು ನಂಬಿದೆ.

ಅದೇ ತಿಂಗಳು ಮನೆಗೆ ಹೊಸ ಹಾಸು ಬಂತು, ಯಾರದೋ ಮದುವೆಯ ಸೀರೆಗಳದ್ದು. ನಾನು ಕೈ ತೊಳೆದುಕೊಂಡು ಬಂದು ಮಗ್ಗದ ಹತ್ತಿರ ನಿಂತೆ. ಅಪ್ಪ ಬೂದಿಯ ಬಟ್ಟಲು ತೆಗೆದಿಟ್ಟಿದ್ದ. ಆಯಿ ಬಾಗಿಲಲ್ಲಿ ಕೂತು ಕಡಲೆ ಸುಲಿಯುತ್ತಿದ್ದಳು.

"ಮದುವಿ ಸೀರಿ ಐತಿ," ಅಂದಳು ತಲೆ ಎತ್ತದೆ. "ಈ ಸಲ ಸಣ್ಣಾವನ ಕೈ ಹಚ್ಚಸು."

"ಅತ್ತಿ, ನೀವೂ ಹಂಗ ಅಂತೀರೇನ್ರಿ?" ಅವ್ವ ಕೇಳಿದಳು.

"ನಾ ಎಲ್ಲೆ ಅಂದೆ? ಮಂದಿ ಅಂತೈತಿ."

ಅಪ್ಪ ನನ್ನನ್ನು ನೋಡಿದ. ಹಾಸನ್ನು ನೋಡಿದ. ಒಂದು ಮಾತು ಅನ್ನುತ್ತಾನೆ ಎಂದು ನಾನು ಕಾದೆ. ಅವನು ಅಂಗಳದಲ್ಲಿ ಮಣ್ಣಾಡುತ್ತಿದ್ದ ತಮ್ಮನ ಹೆಸರು ಹಿಡಿದು ಕೂಗಿದ. ತಮ್ಮನಿಗೆ ಎಳೆ ಹಿಡಿಯಲೂ ಬರುತ್ತಿರಲಿಲ್ಲ. ಅವನು ಹೊಸೆದದ್ದನ್ನು ಅಪ್ಪ ಬಿಚ್ಚಿ ಮತ್ತೆ ಹೊಸೆದ. ಅವನ ಬಾಯಿಗೆ ಸಕ್ಕರೆ ಹಾಕಿ, ಉಳಿದ ಚಿಟಿಕೆಯನ್ನು ನನ್ನ ಹತ್ತಿರ ತಂದ. ನಾನು ಬಾಯಿ ತೆರೆಯಲಿಲ್ಲ. ಆಮೇಲೆ ಎಂದೂ ಅಪ್ಪ ನನ್ನನ್ನು ಹಾಸಿಗೆ ಕೈ ಹಚ್ಚಲು ಕರೆಯಲಿಲ್ಲ, ನಾನೂ ಹೋಗಿ ನಿಲ್ಲಲಿಲ್ಲ.

ಈಗ ಆ ಸಂತೆ ಇಲ್ಲ. ಗಿಡ ಕಡಿದು ಅಲ್ಲಿ ಮಳಿಗೆ ಕಟ್ಟಿದ್ದಾರೆ. ಹೋದರೆ ಹೋಯಿತು, ನನಗೇನೂ ದುಃಖವಿಲ್ಲ. ನಾನು ನರಗುಂದದಲ್ಲಿದ್ದೇನೆ, ಸಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಕೈಗುಣ, ಶಕುನ ಎಂದು ಯಾರಾದರೂ ಅಂದರೆ ತರಗತಿಯಲ್ಲೇ ಅವರ ಮರ್ಯಾದೆ ತೆಗೆಯುತ್ತೇನೆ. ಆದರೆ ಯಾರಾದರೂ ಬಾ ಎಂದರೆ ಹಿಂದೆಮುಂದೆ ನೋಡದೆ ಕೈ ಚಾಚುವುದು ನನಗೆ ಆ ಹಿಂಗಾರಿಯ ನಂತರ ಮತ್ತೆ ಬರಲಿಲ್ಲ. ಕಳೆದುಕೊಂಡದ್ದು ಅದು, ಅದಕ್ಕೆ ಕಾರಣರಾದವರನ್ನು ನಾನು ಕ್ಷಮಿಸಿಲ್ಲ.

ನಮ್ಮ ಬಡಾವಣೆಯ ಹತ್ತಿರವೂ ರವಿವಾರ ರೈತರು ಬಂದು ಕೂಡುತ್ತಾರೆ. ಹೋದ ವಾರ ಸ್ವಲ್ಪ ಬೇಗ ಹೋದೆ. ಹೊಸದಾಗಿ ಬಂದ ಹುಡುಗಿಯೊಬ್ಬಳು ಮೂಲಂಗಿ ತೊಳೆದು ಜೋಡಿಸಿಕೊಂಡು ಕೂತಿದ್ದಳು.

"ಬರ್ರಿ ಅಕ್ಕಾರ, ಬೋಣಿ ಮಾಡ್ರಿ."

ಪರ್ಸಿಗೆ ಹೋಗಿದ್ದ ಕೈ ಅಲ್ಲೇ ನಿಂತಿತು. "ಆಮ್ಯಾಲ ಬರ್ತೀನಿ," ಅಂದೆ.

"ಯಾಕ್ರಿ? ಈಗ ಕಿತ್ತ ತಂದೀನ್ರಿ, ನೋಡ್ರಿ ಬೇಕಾದ್ರ." ಒಂದನ್ನು ನನ್ನ ಮುಂದೆಯೇ ಮುರಿದು ತೋರಿಸಿದಳು. ಒಳಗೆ ನೀರು ಒಸರುತ್ತಿತ್ತು.

ಅವಳು ಬಿಡುವ ಹಾಗೆ ಕಾಣಲಿಲ್ಲ. ನನ್ನ ಕೈಯಿಂದ ಅವಳ ದಿನ ಕೆಡಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಬಾಯಿಗೆ ಬಂದದ್ದು ಅಂದುಬಿಟ್ಟೆ. "ಬೆಂಡಾಗ್ಯಾವ, ಒಳಗ ರಸ ಇಲ್ಲ."

ಹುಡುಗಿಯ ಮುಖ ಬಿಗಿಯಿತು. "ಒಲ್ಲೆ ಅಂದ್ರ ಒಲ್ಲೆ ಅನ್ರಿ. ಬೋಣಿ ಹೊತ್ತಿನ್ಯಾಗ ಮಾಲಿಗೆ ಕೆಟ್ಟ ಹೆಸರ ಇಡಬ್ಯಾಡ್ರಿ."

ನಾನು ದೂರ ಹೋಗಿ ನಿಂತೆ. ಸ್ಕೂಟರಿನಲ್ಲಿ ಬಂದ ಒಬ್ಬರು ಎರಡು ಕಟ್ಟು ಕೊಂಡರು. ಅವಳು ಅವರ ನೋಟನ್ನು ಕಣ್ಣಿಗೆ ಒತ್ತಿಕೊಂಡು ತಕ್ಕಡಿಗೆ ಮುಟ್ಟಿಸಿದಳು. ಆಮೇಲೆ ಹೋಗಿ ನಾನು ರೊಕ್ಕ ಚಾಚಿದೆ.

ಅವಳು ನನ್ನ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು.

"ನಿಮಗ ಕೊಡೂದಿಲ್ಲ, ಹೋಗ್ರಿ," ಅಂದಳು.